ಕುರ್ಚಿ ಎತ್ತಿದರು, ಗುಂಡಿ ಬಿಟ್ಟರು

ಬೆಳಿಗ್ಗೆ ಆರು ಗಂಟೆ. ಪಟ್ಟಂದೂರು ಅಗ್ರಹಾರದ ಟೆಕ್ ಪಾರ್ಕ್ ಎದುರಿನ ರಸ್ತೆಯಲ್ಲಿ ಮಹಾಂತಮ್ಮ ಕಸ ಗುಡಿಸುತ್ತಿದ್ದಾರೆ. ಕಂಪನಿ ಕ್ಯಾಬ್‌ಗಳು ಮೊಣಕೈ ಸವರಿಕೊಂಡೇ ಹೋಗುತ್ತವೆ. ಅವರು ತಲೆ ಎತ್ತುವುದಿಲ್ಲ. ಪೊರಕೆಗೆ ಸಿಕ್ಕಿದ ಬಾಟಲಿ ಚೂರುಗಳನ್ನು ಬಗ್ಗಿ ಹೆಕ್ಕಿ ಬೇರೆ ಚೀಲಕ್ಕೆ ಹಾಕುತ್ತಾರೆ. ಇಲ್ಲದಿದ್ದರೆ ಮುಂದೆ ಕಸ ವಿಂಗಡಿಸುವ ಹೆಂಗಸರ ಕೈ ಕೊಯ್ಯುತ್ತದೆ.

ವಯಸ್ಸು ನಲವತ್ತೆಂಟು. ಊರು ಯಾದಗಿರಿ ಕಡೆ. ಹದಿನಾಲ್ಕು ವರ್ಷದ ಹಿಂದೆ ಗಂಡ ನಿಂಗಪ್ಪನ ಜೊತೆ ಕಟ್ಟಡ ಕೆಲಸಕ್ಕೆ ಬಂದವರು. ಮೂರನೇ ಮಹಡಿಯಿಂದ ಬಿದ್ದ ನಿಂಗಪ್ಪನ ಬೆನ್ನು ಮತ್ತೆ ನೆಟ್ಟಗಾಗಲಿಲ್ಲ. ಮಹಾಂತಮ್ಮ ಪೊರಕೆ ಹಿಡಿದರು. ದಿನಕ್ಕೆ ಒಂದೂವರೆ ಕಿಲೋಮೀಟರ್ ರಸ್ತೆ, ಎರಡೂ ಬದಿ, ಹದಿನೈದು ಮೂಟೆ ಕಸ. ಇಷ್ಟುದ್ದದಲ್ಲಿ ಅವರನ್ನು ಒಳಗೆ ಬಿಡುವ ಒಂದೇ ಒಂದು ಶೌಚಾಲಯವಿಲ್ಲ. "ನೀರ ಕುಡಿಯೂದ ಕಡಿಮಿ ಮಾಡೀನ್ರಿ," ಎನ್ನುತ್ತಾರೆ.

ಕಳೆದ ವರ್ಷ ಈ ರಸ್ತೆಗೆ ಹೊಸ ನಿಯಮ ಬಂತು. 'ಸುರಕ್ಷಿತ, ಸುಂದರ ಬೀದಿ. ಎಲ್ಲರಿಗೂ ಸ್ವಾಗತ' ಎಂದು ಹಸಿರು ಫಲಕ. ಅದರ ಕೆಳಗೆ: ಪಾದಚಾರಿ ಮಾರ್ಗದಲ್ಲಿ ಕೂರುವಂತಿಲ್ಲ, ಮಲಗುವಂತಿಲ್ಲ, ಮಾರುವಂತಿಲ್ಲ, ಯಾವ ವಸ್ತುವನ್ನೂ ಇಡುವಂತಿಲ್ಲ. ಮೊದಲ ವಾರವೇ, ನಿಯಮ ಮುರಿದವರನ್ನು ಹಿಡಿಯಲು ಪಾಲಿಕೆ ನೇಮಿಸಿದ ಮಾರ್ಷಲ್‌ಗಳು ಎಬ್ಬಿಸಿದ್ದು ಗೋಡೆಗೊರಗಿ ರೊಟ್ಟಿ ಬಿಚ್ಚಿದ್ದ ಮಹಾಂತಮ್ಮನನ್ನು. ತಾವೇ ಗುಡಿಸಿದ ನೆಲದ ಮೇಲೆ ಕೂರುವ ಹಕ್ಕು ಅವರಿಗಿಲ್ಲ. ಅಂದಿನಿಂದ ನಿಂತೇ ತಿನ್ನುತ್ತಾರೆ.

ಅದನ್ನು ನುಂಗಿಕೊಂಡರು. ನುಂಗಲಾಗದ್ದು ನಡೆದದ್ದು ಜುಲೈನಲ್ಲಿ. ಬಸ್ ನಿಲ್ದಾಣದ ಪಕ್ಕ ಚರಂಡಿಯ ಚಪ್ಪಡಿ ಒಡೆದು ಎದೆಯಾಳದ ಗುಂಡಿ ಬಾಯಿಬಿಟ್ಟಿತ್ತು. ಮಹಾಂತಮ್ಮ ತಮ್ಮ ಕೆಲಸದ ಉಸ್ತುವಾರಿಯ ಮೇಸ್ತ್ರಿಗೆ ಮೂರು ಸಲ ಹೇಳಿದರು. ಯಾರೂ ಬರಲಿಲ್ಲ. ಕೊನೆಗೆ ಕಸದಲ್ಲಿ ಸಿಕ್ಕ ಮುರುಕು ಕುರ್ಚಿಗೆ ಕೆಂಪು ಬಟ್ಟೆ ಕಟ್ಟಿ ಗುಂಡಿಗೆ ಅಡ್ಡ ಇಟ್ಟರು. ಹನ್ನೊಂದು ದಿನ ಯಾರೂ ಬೀಳಲಿಲ್ಲ. ಹನ್ನೆರಡನೆಯ ದಿನ ಮಾರ್ಷಲ್ ನರೇಶ್ ಕುರ್ಚಿ ಎತ್ತಿ ಜೀಪಿಗೆ ಹಾಕಿದರು.

"ಸರ, ಅಲ್ಲಿ ಗುಂಡಿ ಐತ್ರಿ ಅಂದೆ. 'ಗುಂಡಿ ನಮ್ ಡಿಪಾರ್ಟ್‌ಮೆಂಟ್ ಅಲ್ಲಮ್ಮ, ಫುಟ್‌ಪಾತಲ್ಲಿ ಸಾಮಾನು ಇಡಂಗಿಲ್ಲ ಅಷ್ಟೇ' ಅಂದ್ರು."

ಮರುದಿನ ಬೆಳಿಗ್ಗೆ ಮಳೆನೀರು ಗುಂಡಿಯನ್ನು ಮರೆಮಾಡಿತ್ತು. ಅಡ್ಡ ಇಡಲು ಮರದ ಕೊಂಬೆ ಎಳೆದುಕೊಂಡು ಮಹಾಂತಮ್ಮ ಓಡಿ ಬರುತ್ತಿದ್ದರು. ಇನ್ನು ಇಪ್ಪತ್ತು ಹೆಜ್ಜೆ ಇರುವಾಗ, ಬಸ್ಸಿಳಿದ ಇಪ್ಪತ್ತಾರರ ಕೃಪಾ ಅದರೊಳಗೆ ಬಿದ್ದಳು. ಟೆಕ್ ಪಾರ್ಕ್‌ನಲ್ಲಿ ಕೆಲಸಕ್ಕೆ ಹೋಗುವ ಹುಡುಗಿ. ಮಹಾಂತಮ್ಮ ನೆಲದ ಮೇಲೆ ಬೋರಲು ಮಲಗಿ ಅವಳ ಕಂಕುಳಿಗೆ ಕೈ ಕೊಟ್ಟು ಹಿಡಿದರು. ಇಬ್ಬರು ಕ್ಯಾಬ್ ಚಾಲಕರು ಬಂದು ಎಳೆದರು. ಕಾಲು ಎರಡು ಕಡೆ ಮುರಿದಿತ್ತು.

"ಕುರ್ಚಿ ಒಯ್ಯೂವಾಗ ನಾ ಜೀಪ್ ಮುಂದ ನಿಂದರಬೇಕಿತ್ತು," ಎನ್ನುವಾಗ ಅವರ ದವಡೆ ಬಿಗಿಯುತ್ತದೆ. ನಿಯಮ ಬರೆದವರಲ್ಲಿ ಯಾರ ದವಡೆಯೂ ಬಿಗಿದ ಸುದ್ದಿಯಿಲ್ಲ.

ಮಾರನೆಯ ದಿನ ಗುಂಡಿಯ ಸುತ್ತ, ಅದೇ ಪಾದಚಾರಿ ಮಾರ್ಗದಲ್ಲಿ, ಮಹಾಂತಮ್ಮ ಒಂಬತ್ತು ಮಂದಿ ಪೌರಕಾರ್ಮಿಕರೊಂದಿಗೆ ಕೂತರು.

"ಏಳಮ್ಮ, ಕೇಸ್ ಹಾಕ್ತಾರೆ," ಎಂದರು ನರೇಶ್.

"ಹಾಕ್ಲಿ ಬಿಡ್ರಿ. ಮೊದಲ ಚಪ್ಪಡಿ ಹಾಕ್ರಿ, ಆಮ್ಯಾಲ ಏಳ್ತೇವಿ."

ಮಧ್ಯಾಹ್ನ ಲಾರಿ ಬಂತು. ತಿಂಗಳಿಂದ ಆಗದ ಕೆಲಸ ನಲವತ್ತು ನಿಮಿಷದಲ್ಲಿ ಮುಗಿಯಿತು. ಗುಂಡಿ ಬಿಟ್ಟವರಿಗೆ ಯಾರೂ ನೋಟಿಸ್ ಕೊಡಲಿಲ್ಲ. ನೋಟಿಸ್ ಬಂದದ್ದು ಮಹಾಂತಮ್ಮನಿಗೆ: ಸಾರ್ವಜನಿಕ ಮಾರ್ಗಕ್ಕೆ ಅಡ್ಡಿ.

ಅದನ್ನು ಓದಿ ಹೇಳಿದ್ದು, ಉತ್ತರ ಬರೆದುಕೊಟ್ಟಿದ್ದು, ಪಟ್ಟಿ ಕಟ್ಟಿದ ಕಾಲು ಚಾಚಿ ಮನೆಯಲ್ಲಿ ಕೂತಿದ್ದ ಕೃಪಾ. ಏನು ಬರೆಸಿದಿರಿ ಎಂದು ಮಹಾಂತಮ್ಮನನ್ನು ಕೇಳುತ್ತೇನೆ.

"ಹೌದು, ಕುಂತಿದ್ದೆ. ಮತ್ತ ಚಪ್ಪಡಿ ಒಡದ್ರ ಮತ್ತ ಕುಂದರತೀನಿ ಅಂತ ಬರಸೀನ್ರಿ." ಸೆರಗಿನಿಂದ ಮುಖ ಒರೆಸಿಕೊಂಡು ಸಣ್ಣಗೆ ಸೇರಿಸುತ್ತಾರೆ: "ಕೆಳಗ ಹೆಬ್ಬಟ್ಟ ಒತ್ತಿಲ್ರಿ. ನನ್ನ ಹೆಸರ ನಾನ ಬರದೀನಿ."