ಎತ್ತದೆ ಉಳಿದ ಚೀಟಿ

ಸಿಂಧನೂರಿನ ನಮ್ಮ ಮನೆಯಲ್ಲಿ ದೊಡ್ಡ ತೀರ್ಮಾನಗಳೆಲ್ಲ ಒಂದು ಸ್ಟೀಲ್ ಡಬ್ಬಿಯಿಂದ ಬರುತ್ತಿದ್ದವು. ಅಪ್ಪ ನಿವೃತ್ತ ಶಾಲಾ ಮಾಸ್ತರು, ಚರ್ಚಿನ ಹಿರಿಯರಲ್ಲೊಬ್ಬರು. ಓಣಿಯವರು ಗುಡಿಗೆ ಹೋಗಿ, ದೇವರ ಬಲಗಡೆಯಿಂದ ಹೂ ಬಿದ್ದರೆ ಹೌದು, ಎಡಗಡೆಯಿಂದ ಬಿದ್ದರೆ ಅಲ್ಲ ಎಂದು ತಿಳಿಯುವುದಕ್ಕೆ ಅವರು ನಗುತ್ತಿದ್ದರು. ತಾವು ಮಾತ್ರ ಪ್ರಾರ್ಥನೆ ಮಾಡಿ, 'ಹೌದು' ಎಂದೊಂದು, 'ಬೇಡ' ಎಂದೊಂದು ಚೀಟಿ ಬರೆದು, ಮಡಚಿ ಡಬ್ಬಿಗೆ ಹಾಕುತ್ತಿದ್ದರು. ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಜಾಗಕ್ಕೆ ಇನ್ನೊಬ್ಬನನ್ನು ಆರಿಸಿದ್ದೂ ಚೀಟಿ ಹಾಕಿಯೇ ಎನ್ನುವುದು ಅವರ ಆಧಾರ. ಯಾರ ವಿಷಯವೋ ಅವರೇ ಎತ್ತಬೇಕು. ಉಳಿದದ್ದನ್ನು ಅಪ್ಪ ಬಿಚ್ಚದೆ ಒಲೆಗೆ ಹಾಕುತ್ತಿದ್ದರು. ದೇವರು ಉತ್ತರ ಕೊಟ್ಟ ಮೇಲೂ ಅದನ್ನು ನೋಡುವುದು ಅವಿಶ್ವಾಸ.

ನಾನು ಎತ್ತಿದ್ದು ಮದುವೆಯ ವಿಷಯಕ್ಕೆ. ಲಿಂಗಸುಗೂರಿನ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಮಸ್ಕಿಯವನು, ಲಿಂಗಾಯತರ ಮನೆಯ ಹುಡುಗ, ತನ್ನವರನ್ನು ಹೇಗೋ ಒಪ್ಪಿಸಿದ್ದ. ಅಪ್ಪ ಬೈಯಲಿಲ್ಲ. "ಬ್ಯಾಡ ಅನ್ನಾಕ ನಾ ಯಾರವ್ವಾ? ಕೇಳೋಣು," ಎಂದರು. ನನ್ನ ಕೈಗೆ 'ಬೇಡ' ಬಂತು. ಆಗ ಅಪ್ಪನ ಕಣ್ಣು ಒದ್ದೆಯಾಗಿತ್ತೆಂದು ನನ್ನ ನೆನಪು. ಅದು ಒಲೆಯ ಹೊಗೆಯೂ ಇರಬಹುದು, ಅಥವಾ ಆ ಕಣ್ಣೀರನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು.

ಮರುದಿನ ಮಸ್ಕಿ ಬಸ್ ನಿಲ್ದಾಣದಲ್ಲಿ ಇಳಿದು ಅವನಿಗೆ ಹೇಳಿದೆ. "ಚೀಟ್ಯಾಗ ಬಂತಾ?" ಎಂದ, ಅಷ್ಟೇ. ಮುಂದೆ ಬೇರೆ ಕಾಲೇಜಿಗೆ ಹೋದ, ಮದುವೆಯಾದ. ನಾನು ಆಗಲಿಲ್ಲ. ದೇವರ ಚಿತ್ತ ಎಂದುಕೊಂಡು ದಿನವೂ ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ಹೋಗಿ ಬಂದೆ. ದೇವರ ಚಿತ್ತವೆಂಬ ಆ ಮಾತು ಇಲ್ಲದಿದ್ದರೆ ಆ ಬಸ್ಸಿನಲ್ಲಿ ಕೂರಲು ನನಗೆ ಆಗುತ್ತಿರಲಿಲ್ಲ.

ಹೋದ ವರ್ಷ ತಂಗಿಯ ಸರದಿ ಬಂತು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿತ್ತು, ಅಲ್ಲೇ ಇರಬೇಕಿತ್ತು. ಭಾನುವಾರ ಆರಾಧನೆ ಮುಗಿಸಿ ಬಂದು, ಊಟಕ್ಕೆ ಮೊದಲು ಅಪ್ಪ ಡಬ್ಬಿ ಇಟ್ಟರು. ಅವಳು ಎತ್ತಿದ ಚೀಟಿಯಲ್ಲಿ 'ಬೇಡ' ಇತ್ತು. ಅಪ್ಪ ಕೈ ಚಾಚುವ ಮೊದಲೇ ಇನ್ನೊಂದನ್ನೂ ಬಿಚ್ಚಿ, ಎರಡನ್ನೂ ರೊಟ್ಟಿ ಬುಟ್ಟಿಯ ಪಕ್ಕ ಇಟ್ಟಳು. ಅದರಲ್ಲೂ 'ಬೇಡ'.

"ದೇವರಿಗೆ ಇದೊಂದ ಮಾತು ಬರ್ತೈತೇನಪ್ಪ?" ಎಂದಳು.

ಅವ್ವ ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದಳು.

"ಬರದಾವ ನಾನ, ಖರೆ," ಎಂದರು ಅಪ್ಪ. "ಆದರ ಆತನ ಚಿತ್ತ ಇಲ್ದ ಏನರ ಆಗತೈತೇನು? ಹಿಂಗ ಬರಿ ಅಂತ ನನ್ನ ಮನಸಿನಾಗ ಹಾಕಿದಾವ ಯಾರು?"

ಚಿಕ್ಕವಳಿದ್ದಾಗ ಸಂಡೇ ಸ್ಕೂಲಿನಲ್ಲಿ ಅವರನ್ನೇ ಕೇಳಿದ್ದೆ: ಯೇಸುವನ್ನು ಹಿಡಿದುಕೊಡುವುದು ದೇವರಿಗೆ ಮೊದಲೇ ಗೊತ್ತಿದ್ದರೆ ಆ ಶಿಷ್ಯನದೇನು ತಪ್ಪು? ಅಪ್ಪ ಕೊಟ್ಟ ಉತ್ತರವನ್ನು ಈಗ ಅವರಿಗೇ ತಿರುಗಿಸಿ ಹೇಳಿದೆ. "ದೇವರಿಗೆ ಗೊತ್ತಿತ್ತು, ಆದರ ಮಾಡಿದಾವ ಅವನ ಅಂದಿದ್ದಿ."

ಆಮೇಲೆ ಕೇಳಿದೆ: "ನಂದು?"

"ನಿಂದು ಹಂಗಲ್ಲವ್ವಾ. ಅದರಾಗ ಎರಡೂ ಇದ್ದವು. ದೇವರಾಣಿ."

"ಆಣಿ ಇಡಬಾರ್ದು ಅಂತ ಹೇಳಾವನೂ ನೀನ," ಎಂದಳು ತಂಗಿ, ರೊಟ್ಟಿ ಮುರಿಯುತ್ತ.

ಅವಳು ರಾಯಚೂರಿಗೆ ಹೋದಳು. ಉಳಿದದ್ದು ನನ್ನ ಸುಟ್ಟುಹೋದ ಚೀಟಿ. ಅಪ್ಪ ಹೇಳಿದ್ದು ಸುಳ್ಳಾದರೆ ನನಗೆ ಮೋಸ ಮಾಡಿದವರು ಅಪ್ಪ. ನಿಜವಾದರೆ ಬೇಡ ಎಂದವನು ದೇವರು. ಸುಳ್ಳೇ ಇರಲಿ ಎಂದು ಬಯಸುತ್ತೇನೆ. ಅಪ್ಪನಾದರೆ ಎದುರಿಗೆ ಕೂತು ಉಣ್ಣುತ್ತಾರೆ, ಅವರ ಮೇಲೆ ಸಿಟ್ಟು ಮಾಡಬಹುದು. ಇನ್ನೊಂದು ಚೀಟಿಯನ್ನು ಬಿಚ್ಚದಂತೆ ಅಂದು ಯಾರೂ ನನ್ನ ಕೈ ಹಿಡಿದಿರಲಿಲ್ಲ ಎಂಬುದೂ ಹೊಳೆಯುತ್ತದೆ. ಆದರೆ ಅವಿಶ್ವಾಸವೆಂಬ ಹೆದರಿಕೆಯನ್ನು ಕೈಗೆ ಕಟ್ಟಿದವರು ಯಾರು?

ಕಳೆದ ಶನಿವಾರ ಅಪ್ಪ ನನ್ನ ಬಳಿ ಬಂದು ನಿಂತರು. ಮರುದಿನ ಚರ್ಚಿನಲ್ಲಿ ಕರ್ತನ ಭೋಜನವಿತ್ತು, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಹಂಚಿಕೊಂಡು ತಿನ್ನುವುದು. ಮನಸ್ಸಿನಲ್ಲಿ ದ್ವೇಷವಿಟ್ಟುಕೊಂಡು ಆ ರೊಟ್ಟಿ ತಿನ್ನಬಾರದು.

"ಮಾಫ್ ಮಾಡೀಯೇನವ್ವಾ?"

"ಚೀಟಿ ಹಾಕಿ ನೋಡು," ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಒಳಗೆ ಹೋಗಿ ಡಬ್ಬಿ, ಖಾಲಿ ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟರು.

"ಈ ಸಲ ನೀನ ಬರಿ."

ಮರುದಿನ ನಾನು ಚರ್ಚಿಗೆ ಹೋಗಲಿಲ್ಲ. ಡಬ್ಬಿ ಇನ್ನೂ ನನ್ನ ಮೇಜಿನ ಮೇಲಿದೆ, ಹಾಳೆಯ ಮೇಲೆ ಏನೂ ಬರೆದಿಲ್ಲ.