ಬಾಗಲಗುಂಟೆ ಬಾವಿಯ ನಾಲ್ಕು ಅಡ್ಡಗೆರೆ

ಬೆಳಗಿನ ಐದೂ ಮುಕ್ಕಾಲು. ಬಾಗಲಗುಂಟೆಯ ಊರಬಾವಿಯ ಕಟ್ಟೆಗೆ ಸೈಕಲ್ ಒರಗಿಸಿ ಫಕೀರಪ್ಪ ಹಗ್ಗ ಕಟ್ಟಿದ ಸಣ್ಣ ಬಿಂದಿಗೆಯನ್ನು ಕೆಳಗೆ ಬಿಡುತ್ತಿದ್ದಾರೆ. ಹಗ್ಗ ಇಳಿಯುತ್ತಲೇ ಇದೆ. ಕೊನೆಗೆ ಕೇಳಿಸುವುದು ನೀರಿನ ಸದ್ದಲ್ಲ, ಕಲ್ಲಿಗೆ ಬಿಂದಿಗೆ ತಾಗಿದ ಸದ್ದು. ಮೇಲೆ ಬಂದ ಬಿಂದಿಗೆಯ ತಳದಲ್ಲಿ ಒಂದಿಷ್ಟು ಕೆಸರು. ಅದನ್ನು ಚೆಲ್ಲಿ, ಕೈಗಡಿಯಾರ ನೋಡಿ, ಕಟ್ಟೆಯ ಮೇಲೆ ಕೂರುತ್ತಾರೆ. ನೀರು ಸಿಗದ ದಿನ ಕಾಲು ಗಂಟೆಗೊಮ್ಮೆಯಂತೆ ಮೂರು ಸಲ ಬಿಂದಿಗೆ ಇಳಿಸಬೇಕು ಎಂಬುದು ಅವರ ನಿಯಮ. ಕಚೇರಿ ಮಾಡಿದ ನಿಯಮವಲ್ಲ, ಅವರೇ ಮಾಡಿಕೊಂಡದ್ದು.

"ಒಂದ್ಸಲ ಇಣುಕಿ ನೋಡಿ ಇಲ್ಲ ಅಂತ ಬರಿಯೂದು ಮೈಗಳ್ಳರ ಕೆಲಸರೀ. ಇಲ್ಲ ಅನ್ನೂದಕ್ಕೂ ಖಾತ್ರಿ ಬೇಕಲ್ಲ?" ಎನ್ನುತ್ತಾರೆ.

ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ, ಅದರಲ್ಲಿ ಹನ್ನೆರಡು ಗಾಜಿನ ಬಾಟಲಿ. ಮುಂದೆ ಹ್ಯಾಂಡಲ್ಲಿಗೆ ಹಸಿರು ಬಣ್ಣದ ಒಂದು ಡಬ್ಬಿ ನೇತಾಡುತ್ತಿದೆ. ಐದು ವಾರದಿಂದ ಹೀಗೇ ನೇತಾಡುತ್ತಿದೆ, ಮುಚ್ಚಳ ತೆಗೆದಿಲ್ಲ. ಈ ಬಾವಿಯ ಕಟ್ಟೆಗೆ ಹಸಿರು ಪಟ್ಟಿ ಬಳಿಯಬೇಕೆಂದು ಕಚೇರಿ ಅವರ ಕೈಗೆ ಕೊಟ್ಟ ಬಣ್ಣ ಅದು. ಹಸಿರು ಬಳಿದರೆ ನೀರು ಕುಡಿಯಬಹುದು ಎಂದರ್ಥ, ಕೆಂಪು ಬಳಿದರೆ ಕೂಡದು. ಕೆಂಪು ಬಿದ್ದ ಊರಿಗೆ ಸರ್ಕಾರ ಕೊಳವೆಬಾವಿ ತೋಡಿಸಿಕೊಡಬೇಕು. ಹಸಿರು ಬಿದ್ದ ಊರಿಗೆ ಏನೂ ಇಲ್ಲ, ಬಾವಿ ಇದೆಯಲ್ಲ.

ಬಾವಿ ಇದೆ. ಆದರೆ ಅದರ ನೀರನ್ನು ಎಳೆಗೂಸಿಗೆ ಕುಡಿಸಬಾರದು ಎಂಬುದು ಫಕೀರಪ್ಪನವರಿಗೆ ಗೊತ್ತು, ಪರೀಕ್ಷೆ ಮಾಡುವವರಿಗೆ ಗೊತ್ತು, ಈಗ ನನಗೂ ಗೊತ್ತು. ಗೊತ್ತಿಲ್ಲದಿರುವುದು ಒಂದು ಕಂಪ್ಯೂಟರಿಗೆ ಮಾತ್ರ. ನಮ್ಮ ದುರದೃಷ್ಟಕ್ಕೆ ಅದರ ಮಾತೇ ನಡೆಯುತ್ತಿದೆ.

ಫಕೀರಪ್ಪ ಧಾರವಾಡ ಜಿಲ್ಲೆಯ ರೋಣದ ಕಡೆಯವರು. ಎಪ್ಪತ್ತನಾಲ್ಕರಲ್ಲಿ ಬೆಂಗಳೂರಿಗೆ ಬಂದು, ಹೆಬ್ಬಾಳದ ಹತ್ತಿರದ ನೀರು ಪರೀಕ್ಷೆಯ ಕಚೇರಿಯೊಂದರಲ್ಲಿ ದಿನಗೂಲಿಗೆ ಸೇರಿದರು. ಕಚೇರಿಯ ಹೆಸರು ಬರೆಯಬೇಡಿ ಎಂದು ಅಲ್ಲಿನ ಅಧಿಕಾರಿ ಕೇಳಿಕೊಂಡರು, ತಮ್ಮ ಹೆಸರೂ ಬೇಡ ಎಂದರು. ಫಕೀರಪ್ಪನವರನ್ನು ಕೇಳಿದಾಗ ಅವರು ನಕ್ಕರು: "ನಂದು ಹಾಕ್ರಿ. ಬಾಟ್ಲಿ ಮ್ಯಾಲೆ ಹೆಂಗೂ ನನ್ನ ಸಹಿ ಇರ್ತೈತಿ."

ಹದಿನಾಲ್ಕು ವರ್ಷದಿಂದ ಒಂದೇ ಕೆಲಸ. ತಿಂಗಳಿಗೆ ನಲವತ್ತೊಂದು ಕಡೆ ನೀರು ಹಿಡಿಯಬೇಕು. ಹೆಬ್ಬಾಳದ ಕೆರೆ, ಚಿಕ್ಕಬಾಣಾವರದ ಕೆರೆ, ಯಲಹಂಕದ ಸುತ್ತಿನ ಬಾವಿಗಳು. ಯಶವಂತಪುರದ ಬಾಡಿಗೆ ಮನೆಯಿಂದ ನಾಲ್ಕೂವರೆಗೆ ಹೊರಟರೆ ಒಂಬತ್ತರೊಳಗೆ ಬಾಟಲಿಗಳು ಕಚೇರಿ ಸೇರಬೇಕು, ತಡವಾದರೆ ನೀರಿನ ಗುಣ ಬದಲಾಗುತ್ತದೆ. ರಾಜಾನುಕುಂಟೆಯಂಥ ದೂರದ ಊರಿಗೆ ಬಸ್ಸು. ಪೆಟ್ಟಿಗೆಯೊಳಗೆ ಬಾಟಲಿಗಳ ಸದ್ದು ಕೇಳಿದ ಕಂಡಕ್ಟರು ಸಾರಾಯಿ ಎಂದುಕೊಂಡು ಎರಡು ಸಲ ಅವರನ್ನು ನಡುದಾರಿಯಲ್ಲಿ ಇಳಿಸಿದ್ದಾನೆ. ಮೂರನೆಯ ಸಲ ಫಕೀರಪ್ಪ ಒಂದು ಬಾಟಲಿಯ ಬಿರಡೆ ತೆಗೆದು ಮೂಸಲು ಕೊಟ್ಟರಂತೆ. ಚಿಕ್ಕಬಾಣಾವರದ ಕೆರೆಯ ನೀರು. ಆಮೇಲೆ ಆ ಕಂಡಕ್ಟರು ಅವರ ಪೆಟ್ಟಿಗೆಯ ತಂಟೆಗೆ ಬಂದಿಲ್ಲ.

ಇನ್ನೊಂದು ಅಭ್ಯಾಸವಿದೆ. ತಿಂಗಳಿಗೊಮ್ಮೆ ಒಂದೇ ಬಾವಿಯ ನೀರನ್ನು ಎರಡು ಬಾಟಲಿಗೆ ತುಂಬಿ, ಬೇರೆ ಬೇರೆ ನಂಬರು ಹಾಕಿ ಕೊಡುತ್ತಾರೆ. ಎರಡಕ್ಕೂ ಒಂದೇ ಉತ್ತರ ಬಂದರೆ ಪರೀಕ್ಷೆ ಸರಿಯಾಗಿದೆ. ಇದಕ್ಕೆ ಅವರಿಟ್ಟ ಹೆಸರು ಕಳ್ಳ ಬಾಟ್ಲಿ. ಓದಿರುವುದು ಏಳನೇ ತರಗತಿ, ಆದರೆ ದೊಡ್ಡ ಡಿಗ್ರಿಯವರಿಗೆ ಹೊಳೆಯದ ಎಚ್ಚರ ಇವರಿಗಿದೆ.

ಇಂಥವರನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಕಳೆದ ವರ್ಷ ಕಚೇರಿಗೆ ಕಂಪ್ಯೂಟರು ಬಂತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದ ತಣ್ಣನೆಯ ಕೋಣೆ ಬಂತು. ಆಯುಧಪೂಜೆಗೆ ಅದರ ಹಣೆಗೆ ಕುಂಕುಮವೂ ಬಿತ್ತು. ನೀರಿನ ಅಂಕಿಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ ಯಾವುದು ಕೊಳ್ಳಬೇಕೆಂದು ಐವರ ಸಮಿತಿ ಕೂತಿತು. ಮೂರು ಕಂಪನಿಯವರು ಬಂದು ತೋರಿಸಿದರು. ಸಮಿತಿಯ ಅಂಕಪಟ್ಟಿಯನ್ನು ನಾನು ನೋಡಿದ್ದೇನೆ. ವೇಗಕ್ಕೆ ಇಷ್ಟು, ಬಣ್ಣದ ಚಿತ್ರಕ್ಕೆ ಇಷ್ಟು, ಕಲಿಯಲು ಸುಲಭವೇ ಎಂಬುದಕ್ಕೆ ಇಷ್ಟು ಎಂದು ಅಂಕಗಳಿವೆ. ಉತ್ತರ ಸರಿ ಬರುತ್ತದೆಯೇ ಎಂಬುದಕ್ಕೆ ಒಂದು ಕಾಲಮ್ಮೂ ಇಲ್ಲ! ಐವರಲ್ಲಿ ಒಬ್ಬರೂ ಬಾವಿಗೆ ಬಿಂದಿಗೆ ಇಳಿಸಿದವರಲ್ಲ.

ಆ ದಿನ ಫಕೀರಪ್ಪ ಕುರ್ಚಿ ಹಾಕಲು ಒಳಗೆ ಹೋಗಿದ್ದರು. ಬಣ್ಣಬಣ್ಣದ ಚಿತ್ರ ತೋರಿಸುತ್ತಿದ್ದವನನ್ನು ಒಂದೇ ಒಂದು ಪ್ರಶ್ನೆ ಕೇಳಿದರು: "ನೀರು ಸಿಗದ ತಿಂಗಳಿಗೆ ನಾ ಅಡ್ಡಗೆರಿ ಹಾಕ್ತೀನ್ರಿ. ಅದನ್ನ ಇದು ಏನಂತ ತಿಳ್ಕೊಂತೈತಿ?"

ಎಲ್ಲರೂ ನಕ್ಕರಂತೆ. ಬಣ್ಣದ ಪ್ರೋಗ್ರಾಮೇ ಗೆದ್ದಿತು.

ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವವರು ಆರ್.ಟಿ. ನಗರದ ನೂರ್‌ಜಹಾನ್. ಚುರುಕಿನ ಹುಡುಗಿ, ತಪ್ಪನ್ನು ಮುಚ್ಚಿಡುವವರಲ್ಲ. "ಅಡ್ಡಗೆರೆ ಹೊಡೆದ್ರೆ ಮಿಷನ್ನು ಕೀಂ ಅಂತ ಕಿರುಚ್ಕೊಂಡು ಅಲ್ಲೇ ನಿಂತ್ಬಿಡ್ತಿತ್ತು ಸಾರ್. ಕಂಪನಿಗೆ ಫೋನ್ ಮಾಡ್ದೆ. ಸೊನ್ನೆ ಹಾಕಿ ಮೇಡಂ, ಮುಂದಕ್ಕೆ ಹೋಗುತ್ತೆ ಅಂದ್ರು. ಹಾಕ್ದೆ. ಮುಂದಕ್ಕೆ ಹೋಯ್ತು."

ಹೌದು, ಮುಂದಕ್ಕೆ ಹೋಯಿತು. ಬಾಗಲಗುಂಟೆ ಬಾವಿಯ ಎಂಬತ್ತೇಳನೆಯ ಇಸವಿಯ ಪುಟ ನನ್ನ ಮುಂದಿದೆ. ಸುತ್ತ ಎದ್ದ ಹೊಸ ಮನೆಗಳ ಪಾಯಿಖಾನೆ ಗುಂಡಿಗಳಿಂದ ಇಳಿಯುವ ನೈಟ್ರೇಟ್ ಎಂಬ ಲವಣದ ಲೆಕ್ಕ ಅದು. ನೀರು ಕುದಿಸಿದರೂ ಅದು ಹೋಗುವುದಿಲ್ಲ, ಹೆಚ್ಚಾದರೆ ಎಳೆಗೂಸಿನ ಜೀವಕ್ಕೇ ಕುತ್ತು. ಕಚೇರಿ ಇಟ್ಟುಕೊಂಡ ಮಿತಿ ಲೀಟರಿಗೆ ನಲವತ್ತೈದು ಮಿಲಿಗ್ರಾಂ. ಎಂಟು ತಿಂಗಳು ನೀರು ಸಿಕ್ಕಿದೆ: ಐವತ್ತೆಂಟು, ಅರವತ್ತೆರಡು, ಅರವತ್ತನಾಲ್ಕು, ಹೀಗೆ. ಎಲ್ಲಕ್ಕಿಂತ ಕಡಿಮೆ ಬಂದದ್ದು ಐವತ್ತೇಳು. ಮಾರ್ಚಿನಿಂದ ಜೂನ್‌ವರೆಗೆ ಬಾವಿ ಒಣಗಿತ್ತು, ಅಲ್ಲಿ ನಾಲ್ಕು ಅಡ್ಡಗೆರೆ. ಎಂಟು ತಿಂಗಳ ಮೊತ್ತ ನಾಲ್ಕು ನೂರ ಎಂಬತ್ತು, ಎಂಟರಿಂದ ಭಾಗಿಸಿದರೆ ಸರಾಸರಿ ಅರವತ್ತು. ಕಂಪ್ಯೂಟರು ನಾಲ್ಕು ಸೊನ್ನೆಗಳನ್ನೂ ಸೇರಿಸಿಕೊಂಡು ಹನ್ನೆರಡರಿಂದ ಭಾಗಿಸಿತು. ನಲವತ್ತು ಬಂತು. ನಲವತ್ತೈದರ ಒಳಗೆ, ಹಾಗಾಗಿ ಹಸಿರು! ನೀರೇ ಇಲ್ಲದ ನಾಲ್ಕು ತಿಂಗಳನ್ನು ಅಮೃತದಂಥ ನೀರಿದ್ದ ತಿಂಗಳೆಂದು ಎಣಿಸಿ, ಬಾವಿಗೆ ಒಳ್ಳೆಯ ನಡತೆಯ ಸರ್ಟಿಫಿಕೇಟು ಕೊಟ್ಟಾಯಿತು.

ಫೆಬ್ರವರಿಯಲ್ಲಿ ಹಸಿರು ಡಬ್ಬಿ ಕೈಗೆ ಬಂದಾಗ ಫಕೀರಪ್ಪ ತಮ್ಮ ನೋಟ್‌ಬುಕ್ ತೆಗೆದರು. "ಎಂಟು ಮಂದಿ ಹುಡುಗರು ಸಾಲಾಗಿ ನಿಂತಾರ ಅಂತ ತಿಳೀರಿ. ಎಲ್ಲಾರಕ್ಕಿಂತ ಗಿಡ್ಡ ಇದ್ದಾಂವ ನಾಕು ಫೂಟು ಅದಾನ. ಸರಾಸರಿ ಮೂರು ಫೂಟು ಹೆಂಗ ಬರ್ತೈತ್ರೀ? ನಾ ಕಲ್ತಾಂವ ಅಲ್ಲ, ಆದ್ರ ಇಷ್ಟು ತಿಳೀತೈತಿ."

ಅಧಿಕಾರಿಯ ಮುಂದೆ ಗಲಾಟೆ ಮಾಡಲಿಲ್ಲ. ಕಳ್ಳ ಬಾಟ್ಲಿಯ ಉಪಾಯವನ್ನೇ ಹೂಡಿದರು. ಬಾಗಲಗುಂಟೆಯ ಪುಟವನ್ನು ಮೂರು ಹಾಳೆಯಲ್ಲಿ ನೂರ್‌ಜಹಾನ್ ಕೈಯಿಂದ ಬರೆಸಿ, ಮೂರೂ ಕಂಪನಿಯವರನ್ನು ಕರೆಸಿ ಒಂದೇ ಲೆಕ್ಕ ಹಾಕಿಸಿ ಎಂದು ಬೇಡಿಕೊಂಡರು. ಎರಡು ವಾರ ಗೋಗರೆದ ಮೇಲೆ ಅದು ನಡೆಯಿತು. ಬಣ್ಣದ್ದು ಮತ್ತೆ ನಲವತ್ತೆಂದಿತು. ಎರಡನೆಯದು ಅಡ್ಡಗೆರೆ ಕಂಡು ಅರ್ಧಕ್ಕೇ ನಿಂತಿತು. ಮೂರನೆಯದು, ಬಣ್ಣವಿಲ್ಲ ಎಂದು ಕಡಿಮೆ ಅಂಕ ಪಡೆದು ಸೋತಿತ್ತಲ್ಲ, ಅದು ಅರವತ್ತು ಎಂದು ಅಚ್ಚು ಮಾಡಿ, ಪಕ್ಕದಲ್ಲಿ 'ಹನ್ನೆರಡರಲ್ಲಿ ಎಂಟು' ಎಂದೂ ತೋರಿಸಿತು.

ಇಷ್ಟಾದ ಮೇಲೆ ಹಸಿರು-ಕೆಂಪು ಬಾವಿಗಳ ಪಟ್ಟಿ ತಿದ್ದಲು ಎಷ್ಟು ಹೊತ್ತು ಬೇಕು? ನಾನು ಅಧಿಕಾರಿಯನ್ನು ಕೇಳಿದೆ. "ನೋಡ್ರೀ, ಅವರು ಹೇಳೋದು ಸರಿ ಇರ್ಬಹುದು. ಆದ್ರೆ ಪ್ರೋಗ್ರಾಂ ಖರೀದಿ ಆಗಿಹೋಗಿದೆ, ಪಟ್ಟಿ ಮೇಲಕ್ಕೆ ಹೋಗಿದೆ. ತಿದ್ದಬೇಕು ಅಂದ್ರೆ ಸಮಿತಿ ಮತ್ತೆ ಕೂರ್ಬೇಕು."

ಕೈಯಲ್ಲೇ ಭಾಗಿಸಿ ನೋಡಬಹುದಲ್ಲ ಎಂದೆ. ಕೈಲೆಕ್ಕ ಒಪ್ಪಬಾರದೆಂದು ಸುತ್ತೋಲೆ ಇದೆ ಎಂದರು. ಸಮಿತಿ ಎರಡು ಸಲ ಮುಂದಕ್ಕೆ ಹೋಗಿದೆ, ಒಮ್ಮೆ ಒಬ್ಬರಿಗೆ ರಜೆ, ಇನ್ನೊಮ್ಮೆ ಕಂಪ್ಯೂಟರ್ ಕೋಣೆಯ ಏಸಿ ಕೆಟ್ಟಿತ್ತು. ಹಣೆ ಚಚ್ಚಿಕೊಳ್ಳಬೇಕೆನಿಸಿತು. ಈ ನಡುವೆ ಚುರುಕಾಗಿ ಬಂದದ್ದು ಒಂದೇ ಕಾಗದ. ಹಸಿರು ಬಳಿಯಲು ತಡವೇಕೆ ಎಂದು ಫಕೀರಪ್ಪನವರಿಗೆ ಮೆಮೋ. ಅದರ ಕೆಳಗೇ ಅವರು ಉತ್ತರ ಬರೆದು ಕೊಟ್ಟಿದ್ದಾರೆ: "ನೀರು ಇಲ್ಲದ ದಿನ ನಾನು ಸೊನ್ನೆ ಬರೆದಿಲ್ಲ. ಆದ್ದರಿಂದ ಬಳಿಯುವುದಿಲ್ಲ." ಕೆಲಸಕ್ಕೆ ಕುತ್ತು ಬಂದರೂ ಬರಬಹುದು.

ಎರಡನೆಯ ಸಲ ಬಿಂದಿಗೆ ಇಳಿದು ಬರಿದಾಗಿಯೇ ಬರುತ್ತದೆ. ಅಷ್ಟರಲ್ಲಿ ಇದೇ ಊರಿನ ಲಕ್ಕಮ್ಮ ತಲೆಯ ಮೇಲೆ ಕೊಡ ಹೊತ್ತು ಬರುತ್ತಾರೆ, ಹೆಸರಘಟ್ಟ ರಸ್ತೆಯ ಕಡೆಯ ಕೊಳವೆಬಾವಿಯಿಂದ. ಈ ನೀರು ಮಗುವಿಗೆ ಬೇಡ ಎಂದು ಫಕೀರಪ್ಪ ಹೇಳಿದಂದಿನಿಂದ, ಮಳೆಗಾಲದಲ್ಲಿ ಬಾವಿ ತುಂಬಿದ್ದಾಗಲೂ ಅವರು ಅಲ್ಲಿಂದಲೇ ತಂದಿದ್ದಾರೆ. ಹಸಿರು ಡಬ್ಬಿಯನ್ನು ಕಂಡು ನಿಲ್ಲುತ್ತಾರೆ.

"ಏನಪ್ಪಾ, ಇವತ್ತು ಬಳ್ದೇಬಿಡ್ತೀಯಾ?"

"ಇಲ್ಲವ್ವ."

"ಅಂಗಾರೆ ಕೆಂಪಾದ್ರೂ ಬಳಿ. ಮೊಮ್ಮಗೀಗೆ ಪೌಡ್ರಾಲು ಕಲ್ಸಾಕೆ ದಿನಾ ಒಂದ್ ಮೈಲಿ ಓಗ್ತಾವ್ನಿ. ಮಳೆ ಬಂದು ಬಾವಿ ತುಂಬುದ್ರೆ ನನ್ನ ಸೊಸೆ ಕೇಳ್ತಾಳಾ? ಪಟ್ಟೀಲಿ ಒಳ್ಳೇ ನೀರು ಅಂತ ಬಂದದೆ, ಅಷ್ಟು ದೂರ ಯಾಕೆ ಓಗ್ಬೇಕು ಅಂತಾಳೆ. ನಾನೇನ್ ಏಳ್ಲಿ?"

ಫಕೀರಪ್ಪ ಬಿಂದಿಗೆಯ ಹಗ್ಗದ ಗಂಟು ಬಿಗಿ ಮಾಡುತ್ತಾರೆ. ಕೆಂಪು ಡಬ್ಬಿಯನ್ನು ಕಚೇರಿ ಕೊಟ್ಟಿಲ್ಲ. "ಮಳಿಗಾಲದೊಳಗ ಪಟ್ಟಿ ತಿದ್ದಿ ಬರ್ಲಿ ಅನ್ನೂದೊಂದೇ ನನ್ನ ಆಸೆರೀ. ಕಂಪ್ಯೂಟರ್ ಬ್ಯಾಡ ಅನ್ನಾಂವಲ್ಲ ನಾ. ಇಲ್ಲದ್ದನ್ನ ಇಲ್ಲ ಅಂತ ಬರಿಯೂದು ಕಲೀಲಿ" ಎಂದು ನನ್ನತ್ತ ತಿರುಗಿ ಹೇಳುತ್ತಾರೆ. ಮಳೆಗಾಲಕ್ಕೆ ಮೂರು ತಿಂಗಳೂ ಇಲ್ಲ.

ಆರೂ ಕಾಲು. ಮೂರನೆಯ ಸಲವೂ ಕಲ್ಲಿನ ಸದ್ದೇ. ಫಕೀರಪ್ಪ ಕೈ ಒರೆಸಿಕೊಂಡು ನೋಟ್‌ಬುಕ್ ತೆರೆದು, ಎಂಬತ್ತೆಂಟರ ಮಾರ್ಚ್ ಎಂದು ಬರೆದು, ಅದರ ಮುಂದೆ ಸ್ಕೇಲು ಇಟ್ಟು ಒಂದು ಅಡ್ಡಗೆರೆ ಎಳೆಯುತ್ತಾರೆ. ಹೊತ್ತು ಬರೆದು ಸಹಿ ಹಾಕುತ್ತಾರೆ. ನಾನು ನೋಡುತ್ತಿರುವುದನ್ನು ಕಂಡು ಪುಟವನ್ನು ನನ್ನ ಕಡೆ ತಿರುಗಿಸುತ್ತಾರೆ.

"ಇದು ಸೊನ್ನಿ ಅಲ್ರೀ. ಈ ಗೆರಿ ಎಳೀಲಿಕ್ಕೂ ನಾ ಕತ್ತಲದಾಗ ಆರು ಮೈಲಿ ಸೈಕಲ್ ತುಳದ ಬಂದೀನಿ."