ಮೂವತ್ತೊಂಬತ್ತು ಹಲ್ಲು

ಲೆಕ್ಕಕ್ಕೆ ಸಿಗದ ಸಂಗತಿಗಳಿವೆ ಎಂದು ಯಾರಾದರೂ ಹೇಳಿದರೆ, ಅವರು ಎಲ್ಲೋ ಎಣಿಕೆ ತಪ್ಪಿರಬೇಕು ಎಂದುಕೊಳ್ಳುತ್ತಿದ್ದವನು ನಾನು. ಈಗಲೂ ಬಹಳಮಟ್ಟಿಗೆ ಹಾಗೆಯೇ. ಹೀಗಾಗಿ ಮುಂದೆ ಬರೆಯುವುದನ್ನು ನಂಬಿ ಎಂದು ನಿಮ್ಮನ್ನು ಕೇಳಲಾರೆ. ನನಗೇ ಪೂರ್ತಿ ನಂಬಿಕೆಯಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ಕೆಲಸ ಸಿಗದೆ ರಾಮದುರ್ಗದ ಮನೆಯಲ್ಲಿದ್ದೆ. ವಕೀಲರಾಗಿದ್ದ ಅಪ್ಪ ಮಿಲಿಟರಿ ಹರಾಜಿನ ಹಳೆಯ ಜೀಪೊಂದನ್ನು ಕೊಂಡಿದ್ದರು. ಗುಡ್ಡದ ಮೇಲಿನ ನಮ್ಮ ಹೊಲಕ್ಕೆ ಹೋಗುವ ಕಲ್ಲುದಾರಿ ಬಹಳ ಕಡಿದು. ಜೀಪು ಅರ್ಧ ಏರಿನಲ್ಲೇ ನಿಂತುಬಿಡುತ್ತಿತ್ತು. ಓಟ ಕಡಿಮೆಯಾದರೂ ಸರಿ, ಜಗ್ಗುವ ಬಲ ಹೆಚ್ಚಬೇಕೆಂದರೆ ಮುಂದಿನ ಮತ್ತು ಹಿಂದಿನ ಅಚ್ಚುಗಳೊಳಗಿನ (ಆಕ್ಸಲ್) ಹಲ್ಲುಗಾಲಿಗಳನ್ನು, ಅಂದರೆ ಗೇರುಗಳನ್ನು, ಬದಲಿಸಬೇಕಿತ್ತು. ನಾನು ನಕ್ಷೆ ಬರೆದು, ಸಾಮಾನು ಮುಂಬಯಿಯಿಂದ ಬರಲು ಮೂರು ತಿಂಗಳು ಬೇಕೆಂದೆ. ಅಪ್ಪ ನಕ್ಷೆಯನ್ನು ಮಡಚಿಟ್ಟು ಮಿಸ್ತ್ರಿ ಗದಿಗೆಪ್ಪನನ್ನು ಕರೆಸಿದರು.

ಗದಿಗೆಪ್ಪ ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು. ಹುಬ್ಬಳ್ಳಿಯ ಗುಜರಿಯಲ್ಲಿ ಎರಡು ಜೀಪು ಬಿಚ್ಚಿ, ಎಂಟೇ ದಿನದಲ್ಲಿ ಬೇಕಾದ್ದನ್ನು ತಂದ. ಅಪ್ಪ ಕೋರ್ಟಿನಿಂದ ಬಂದವರೇ ಕರಿ ಕೋಟನ್ನೂ ಬಿಚ್ಚದೆ ಅವನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಚಹಾ ಕುಡಿಯುತ್ತಿದ್ದರು.

“ಇವನ ಕೈ ನೋಡೋ ತಮ್ಮಾ, ಹೆಂಗ ಓಡತಾವ,” ಎಂದು ನನಗೆ ತೋರಿಸುತ್ತಿದ್ದರು. ನಾನು ಪಾಸಾದ ದಿನವೂ ಅವರ ಮುಖ ಹಾಗೆ ಅರಳಿರಲಿಲ್ಲ. ನನ್ನದು ಹೊಟ್ಟೆಕಿಚ್ಚು; ಅದಕ್ಕೆ ಬೇರೆ ಹೆಸರು ಕೊಡಲಾರೆ. ಗದಿಗೆಪ್ಪ ಉಂಡರೂ, ನಕ್ಕರೂ ನನಗೆ ಉರಿಯುತ್ತಿತ್ತು.

“ಹಲ್ಲು ಎಣಿಸೀಯೇನು?” ಎಂದು ಒಮ್ಮೆ ಅವನನ್ನು ಕೇಳಿದೆ.

“ಎಣಸೂದ್ಯಾಕ್ರೀ ಇಂಜಿನಿಯರ್ ಸಾಹೇಬ್ರ? ಗಾಲಿ ತಿರುವಿ ಕಿವಿ ಕೊಟ್ರ ಅದ ಹೇಳತೈತಿ. ನಿಮ್ಮ ಪುಸ್ತಕಕ್ಕ ಕಿವಿ ಇಲ್ಲ, ಅದಕ್ಕ ಎಣಸತೀರಿ.”

ಅಪ್ಪ ಚಹಾ ಚೆಲ್ಲುವಷ್ಟು ನಕ್ಕರು.

ಮರುದಿನ ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ನಾನು ಜೀಪಿನಡಿ ನುಸುಳಿದೆ. ಎರಡೂ ಅಚ್ಚುಗಳ ಮುಚ್ಚಳ ತೆರೆದಿದ್ದವು. ದೊಡ್ಡ ಹಲ್ಲುಗಾಲಿಯ ಒಂದು ಹಲ್ಲನ್ನು ಒರೆಸಿ, ನಂಬರ್ ಪ್ಲೇಟಿಗೆ ತಂದಿದ್ದ ಬಿಳಿ ಬಣ್ಣವನ್ನು ಕಡ್ಡಿಯಿಂದ ಮುಟ್ಟಿಸಿ, ಆ ಚುಕ್ಕೆ ಸುತ್ತಿ ಬರುವವರೆಗೆ ಎಣಿಸಿದೆ. ಮುಂದಿನದಕ್ಕೆ ನಲವತ್ತಮೂರು. ಹಿಂದಿನದಕ್ಕೆ ಮೂವತ್ತೊಂಬತ್ತು. ಅಲ್ಲಿ ನನ್ನ ಬೆರಳು ತಾಗಿ ಚುಕ್ಕೆಗೊಂದು ಬಾಲ ಮೂಡಿತು. ಮೂರು ಸಲ ಎಣಿಸಿದೆ, ಮೂವತ್ತೊಂಬತ್ತೇ. ಅವುಗಳಿಗೆ ಕಚ್ಚಿಕೊಳ್ಳುವ ಸಣ್ಣ ಗಾಲಿಗೆ ಎರಡೂ ಕಡೆ ಎಂಟು.

ಅಂದರೆ ಮುಂದಿನ ಗಾಲಿಗಳ ಓಟವೇ ಬೇರೆ, ಹಿಂದಿನವುಗಳದ್ದೇ ಬೇರೆ. ಕಲ್ಲಿನ ಏರಿನಲ್ಲಿ ಒಂದನ್ನೊಂದು ಜಗ್ಗಾಡಿ ನಡುವೆ ಏನಾದರೂ ಮುರಿಯಲೇಬೇಕು. ಮುರಿದರೆ ಜೀಪು ಹಿಮ್ಮುಖವಾಗಿ ಉರುಳುತ್ತದೆ. ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಜೇಬಿಗಿಟ್ಟೆ. ಯಾರಿಗೂ ಹೇಳಲಿಲ್ಲ. ಎಲ್ಲರೆದುರು ಅವನ ಮುಖ ಬಾಡುವುದನ್ನು ನನಗೆ ನೋಡಬೇಕಿತ್ತು.

ಎರಡು ದಿನದ ಮೇಲೆ, ಬೆಳಿಗ್ಗೆ, ಗುಡ್ಡದ ಬುಡದಲ್ಲಿ ಅಪ್ಪ ಧೋತರ ಎತ್ತಿ ಕಟ್ಟಿ, ಜೀಪು ಏರಿಸಿ ನೋಡಲು ಕೂತಿದ್ದ ಗದಿಗೆಪ್ಪನ ಪಕ್ಕ ಹತ್ತಿ ಕೂತರು. ಇದನ್ನು ನಾನು ಎಣಿಸಿರಲಿಲ್ಲ.

“ಇಳೀರಿ ಅಪ್ಪಾ, ಮೊದಲ ಒಂದ್ಸಲ ಖಾಲಿ ಹೋಗ್ಲಿ.”

“ಯಾಕೋ? ಇವನ ಕೆಲಸದ ಮ್ಯಾಲೆ ನನಗ ಭರೋಸಾ ಅದ,” ಎಂದರು ಅಪ್ಪ.

ನಾನು ಜೀಪಿನಿಂದ ಹಿಂದೆ ಸರಿದು ನಿಂತೆ. ಚೀಟಿ ಜೇಬಿನಲ್ಲೇ ಇತ್ತು.

ಜೀಪು ಒಮ್ಮೆಯೂ ತಡವರಿಸದೆ ತುದಿ ಮುಟ್ಟಿತು. ಮೇಲಿನಿಂದ ಅಪ್ಪ ಟೋಪಿ ಬೀಸಿದರು. ನನಗೆ ಸಮಾಧಾನವಾಗಬೇಕಿತ್ತು. ಮೊದಲು ಬಂದದ್ದು ಹೊಟ್ಟೆಕಿಚ್ಚೇ.

ವಾರದ ನಂತರ ಎಣ್ಣೆ ಬದಲಿಸಲು ಗದಿಗೆಪ್ಪ ಹಿಂದಿನ ಮುಚ್ಚಳ ತೆಗೆದಾಗ ನಾನು ಪಕ್ಕದಲ್ಲೇ ಇದ್ದೆ. ನನ್ನ ಬಿಳಿ ಚುಕ್ಕೆ ಬಾಲಸಮೇತ ಅಲ್ಲೇ ಇತ್ತು. ಗಾಲಿ ಅದೇ. ಎಣಿಸಿದೆ. ನಲವತ್ತಮೂರು.

“ಎಷ್ಟಾದೂರಿ?” ಎಂದ.

“ನಲವತ್ಮೂರು.”

ಅವನು ಅರಿವೆಗೆ ಕೈ ಒರೆಸಿಕೊಳ್ಳುತ್ತ, ನನ್ನತ್ತ ನೋಡದೆ ಕೇಳಿದ: “ಚುಕ್ಕಿ ಇಟ್ಟ ದಿನಾನೂ ಅಷ್ಟ ಇದ್ದೂ ಏನ್ರಿ?”

“ಹೂಂ,” ಎಂದೆ.

ಹೊಟ್ಟೆಕಿಚ್ಚು ನಾಲ್ಕು ಹಲ್ಲುಗಳನ್ನು ಮರೆಮಾಡಿತೇ? ಮೂರು ಸಲವೂ ಒಂದೇ ತಪ್ಪೇ? ಆ ಮಧ್ಯಾಹ್ನವನ್ನೇ ನಾನು ಆಮೇಲೆ ಕಲ್ಪಿಸಿಕೊಂಡೆನೇನೋ ಎಂದೂ ಕೆಲವೊಮ್ಮೆ ಅನಿಸುತ್ತದೆ. ಆಗ ಚೀಟಿ ತೆಗೆದು ನೋಡುತ್ತೇನೆ. ನನ್ನದೇ ಅಕ್ಷರ: ಮೇಲೆ 43, ಕೆಳಗೆ 39, ಮೂರು ಸಲ.

ಅಪ್ಪ ಈಗಿಲ್ಲ. ಆ ಗಾಲಿಗೆ ಅಂದು ಎಷ್ಟು ಹಲ್ಲಿದ್ದವೋ ನನಗೆ ಇಂದಿಗೂ ತಿಳಿಯದು. ಮೂವತ್ತೊಂಬತ್ತು ಎಂದು ತಿಳಿದೇ ಅವರನ್ನು ಮೇಲೆ ಹೋಗಲು ಬಿಟ್ಟೆ ಎಂಬುದು ಮಾತ್ರ ಗೊತ್ತು.